ಯಾರೂ ಕೇಳದ ಜಾಮೀನು

ದೇವರಾಜು ಒಂದು ಕಾಗದಕ್ಕೆ ಸಹಿ ಹಾಕಿದರೆಂದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಆಸಾಮಿಯಲ್ಲ. ಮಂಡ್ಯ ಕಡೆಯ ತಾಲ್ಲೂಕು ಕಚೇರಿಯೊಂದರಲ್ಲಿ ಹದಿನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಅವರ ಸಹಿಯ ಅಂದವೇ ಬೇರೆ: ಉದ್ದಕ್ಕೆ ಹೆಸರು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ, ಪಕ್ಕದಲ್ಲಿ ತಾರೀಖು. ತಾರೀಖಿಲ್ಲದ ಸಹಿಯನ್ನು ಅವರು ಸಹಿ ಎಂದೇ ಒಪ್ಪುತ್ತಿರಲಿಲ್ಲ.

ಆ ಕಚೇರಿಯಲ್ಲಿ ಶಿವರುದ್ರಪ್ಪ ಎಂಬ ಜೊತೆಗಾರರಿದ್ದರು. ನೌಕರರ ಸೊಸೈಟಿಯಿಂದ ಅವರು ಸಾಲ ತೆಗೆದಾಗ ಜಾಮೀನಿಗೆ ನಿಂತವರು ನಮ್ಮ ದೇವರಾಜು. ಶಿವರುದ್ರಪ್ಪ ವರ್ಗವಾಗಿ ಹೋದರು, ಕಂತು ಕಟ್ಟುವುದನ್ನು ಮರೆತರು, ಸೊಸೈಟಿಯವರು ಮೂರು ವರ್ಷ ತಿಂಗಳು ತಿಂಗಳೂ ದೇವರಾಜು ಅವರ ಸಂಬಳದಲ್ಲಿ ಮುರಿದುಕೊಂಡರು. ಇಷ್ಟಾದ ಮೇಲೂ ಇವರು ಶಿವರುದ್ರಪ್ಪನ ಮಗಳ ಮದುವೆಗೆ ಹೋಗಿ, ಊಟ ಮಾಡಿ, ಮುಯ್ಯಿ ಕೊಟ್ಟು ಬಂದರು. ಹೆಂಡತಿ ಕೆಂಪಮ್ಮ ಉರಿದುಬಿದ್ದಾಗ, ಸಹಿ ಹಾಕಿದ್ದು ನಾನು, ಅವನ ಮೇಲೆ ಯಾಕೆ ಕೋಪ ಎಂದರಂತೆ. ಇಂಥವರಿಗೆ ಏನು ಹೇಳುವುದು? ಕೆಂಪಮ್ಮ ಮಾತ್ರ ಅಂದೇ ಭಾಷೆ ತೆಗೆದುಕೊಂಡರು, ಇನ್ನು ಯಾರ ಕಾಗದಕ್ಕೂ ಜಾಮೀನು ಹಾಕಕೂಡದು ಎಂದು. ದೇವರಾಜು ತಲೆಯಾಡಿಸಿದರು.

ಎಂಬತ್ತೇಳರಲ್ಲಿ, ಅಮೆರಿಕದಲ್ಲಿದ್ದ ಕೆಂಪಮ್ಮನ ಅಣ್ಣ ಇವರನ್ನು ಕರೆಸಿಕೊಳ್ಳಲು ಹಾಕಿದ ವೀಸಾ ಅರ್ಜಿ ಫಲಿಸಿ, ಗಂಡ ಹೆಂಡತಿ ಹನ್ನೊಂದು ವರ್ಷದ ಮಗಳು ಅಕ್ಷಯಾಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋಗೆ ಬಂದಿಳಿದರು. ಕೆಂಪಮ್ಮನಿಗೆ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ದೇವರಾಜು ಅವರಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ. ಬೀಕರು, ಫ್ಲಾಸ್ಕು, ಸಾವಿರಾರು ಸಣ್ಣ ಕೊಳವೆ. ಅವರು ತೊಳೆದಿಟ್ಟ ಗಾಜಿನಲ್ಲಿ ಒಂದು ಕಲೆ ಹುಡುಕಿ ತೋರಿಸಲಿ ನೋಡೋಣ ಎಂದು ಅಲ್ಲಿನ ವಿಜ್ಞಾನಿಗಳೇ ಪಂಥ ಕಟ್ಟುತ್ತಿದ್ದರು.

ತೊಂಬತ್ತಮೂರರ ಬೇಸಿಗೆಯ ಒಂದು ಭಾನುವಾರ ಬಿಂದುಶ್ರೀ ಮನೆಗೆ ಬಂದಳು. ಹಾಸನದ ಕಡೆಯ ಜಯರಾಮ್ ಎಂಬ ಸ್ನೇಹಿತರ ಮಗಳು. ಜಯರಾಮ್ ಮೊದಲು ಇವರ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದು ಆಮೇಲೆ ಸ್ಯಾಕ್ರಮೆಂಟೋಗೆ ಹೋಗಿ ನೆಲೆಸಿದ್ದರು. ಹುಡುಗಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲ್ಲಿನ ಡಾಕ್ಟರ್ ಓದಲು ಸೀಟು ಸಿಕ್ಕಿತ್ತು. ಫೀಸಿಗೆ ಫೆಡರಲ್ ಸರ್ಕಾರದ ಸಾಲ. ಸಾಲದ ಫಾರ್ಮಿನಲ್ಲಿ ಇಬ್ಬರು ಪರಿಚಯದವರ ಹೆಸರು, ವಿಳಾಸ, ಫೋನ್ ನಂಬರು ಬರೆಯಬೇಕಂತೆ, ರೆಫರೆನ್ಸು ಎನ್ನುತ್ತಾರಂತೆ. ಅಂಕಲ್, ನಿಮ್ಮದು ಬರೆಯಲಾ ಎಂದು ಕೇಳಿದಳು. ಅದಕ್ಕೇನು ಕೇಳುತ್ತೀಯಮ್ಮ, ಬರೆ ಎಂದರು ದೇವರಾಜು.

ಅವಳು ಬರೆದು ಕಾಗದ ಮಡಚುವಷ್ಟರಲ್ಲಿ ಇವರು ತಡೆದರು. ಸಹಿ ಎಲ್ಲಿ? ಸಹಿ ಬೇಕಿಲ್ಲ ಅಂಕಲ್ ಎಂದಳು ಬಿಂದುಶ್ರೀ. ದೇವರಾಜು ನಕ್ಕರು. ಈ ಕಾಲದ ಮಕ್ಕಳಿಗೆ ಏನು ಗೊತ್ತು! ಸಹಿಯಿಲ್ಲದ ಜಾಮೀನು ಎಲ್ಲಾದರೂ ಉಂಟೇ? ನಾಳೆ ಯಾರೋ ಗುಮಾಸ್ತ ಅದನ್ನೇ ನೆಪ ಮಾಡಿ ಫಾರ್ಮು ವಾಪಸು ಕಳಿಸಿದರೆ ಮಗುವಿನ ಓದು ಕೆಡುತ್ತದೆ. ತಮ್ಮ ಹೆಸರಿನ ಪಕ್ಕ ಅಂಚಿನಲ್ಲಿ ಜಾಗ ಮಾಡಿಕೊಂಡು ಹೆಸರು, ಗೆರೆ, ಎರಡು ಚುಕ್ಕೆ, ತಾರೀಖು ಎಲ್ಲ ಹಾಕಿಕೊಟ್ಟರು. ಕೆಂಪಮ್ಮ ಆಗ ಗ್ರೋಸರಿಗೆ ಹೋಗಿದ್ದರು. ಬಂದ ಮೇಲೆ ಇವರು ಬಾಯಿ ಬಿಡಲಿಲ್ಲ.

ಐದು ವರ್ಷ ಯಾವ ಸುದ್ದಿಯೂ ಇರಲಿಲ್ಲ. ತೊಂಬತ್ತೆಂಟರ ಅಕ್ಟೋಬರಿನಲ್ಲಿ ಒಂದು ಸಂಜೆ ಫೋನು ಬಂತು. ಹೆಂಗಸಿನ ದನಿ, ಬಹಳ ಮರ್ಯಾದೆಯಾಗಿ, ಬಿಂದುಶ್ರೀ ನಿಮಗೆ ಗೊತ್ತೇ, ಈಗ ಎಲ್ಲಿದ್ದಾಳೆ ಎಂದು ಕೇಳಿತು. ಸಾಲದ ವಿಷಯವೇ ಎಂದು ದೇವರಾಜು ಕೇಳಿದರು. ಕ್ಷಮಿಸಿ, ಅದನ್ನು ನಿಮ್ಮ ಹತ್ತಿರ ಮಾತಾಡಲು ಕಾನೂನು ಬಿಡುವುದಿಲ್ಲ ಎಂದಿತು ಆ ದನಿ. ನಾನೇ ಜವಾಬ್ದಾರ ಎಂದು ಇವರು ಇಂಗ್ಲಿಷಿನಲ್ಲಿ ಒತ್ತಿ ಹೇಳಿದರು. ಥ್ಯಾಂಕ್ ಯೂ ಸರ್, ಅವರು ಸಿಕ್ಕಿದರೆ ನಮಗೆ ಫೋನು ಮಾಡಲು ಹೇಳಿ ಎಂದು ನಂಬರು ಕೊಟ್ಟು ಇಟ್ಟಿತು.

ಅದೇ ತಿಂಗಳು ಇನ್ನೂ ಎರಡು ಸಲ ಫೋನು ಬಂತು. ಎರಡು ಸಲವೂ ಅದೇ ಮರ್ಯಾದೆ, ಅದೇ ಏನೂ ಹೇಳದ ಮಾತು. ಕಚೇರಿಯಲ್ಲಿ ಪಳಗಿದವರಿಗೆ ಇದರ ಅರ್ಥ ಬೇರೆ ಹೇಳಬೇಕೆ? ಮೇಲಿನವರು ಈಗ ಏನೂ ಹೇಳುವಂತಿಲ್ಲ ಎಂದರೆ ಫೈಲು ದೊಡ್ಡವರ ಟೇಬಲ್ಲಿಗೆ ಹೋಗಿದೆ ಎಂದೇ ಲೆಕ್ಕ. ಬಿಂದುಶ್ರೀಯ ಹಳೆಯ ನಂಬರಿಗೆ ಮಾಡಿ ನೋಡಿದರು, ಆ ನಂಬರು ಈಗ ಇಲ್ಲ ಎಂದು ಯಂತ್ರ ಹೇಳಿತು. ಜಯರಾಮ್‌ಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ನಿಮ್ಮ ಮಗಳು ಸಾಲ ಕಟ್ಟುತ್ತಿಲ್ಲ ಎಂದು ಆ ಮನುಷ್ಯನಿಗೆ ಹೇಗೆ ಹೇಳುವುದು? ಹೇಳಲಿಲ್ಲ.

ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ. ಅಲ್ಲಿ ಗುರುಪ್ರಸಾದ ಇದ್ದರು, ಮೈಸೂರಿನ ಇಂಜಿನಿಯರು, ಷೇರು, ಟ್ಯಾಕ್ಸು, ವೀಸಾ, ಏನು ಕೇಳಿದರೂ ನಿಂತಲ್ಲೇ ಅರ್ಧ ಗಂಟೆ ಭಾಷಣ ಕೊಡುವವರು. ಅವರ ತಮ್ಮನ ಮಗ ವಕೀಲಿಕೆ ಓದುತ್ತಿದ್ದುದರಿಂದ ಸ್ಟೂಡೆಂಟ್ ಲೋನು ಅವರ ಹೊಸ ವಿಷಯ. ಬಿಸಿಬೇಳೆ ಭಾತಿನ ತಟ್ಟೆ ಹಿಡಿದುಕೊಂಡು ದೇವರಾಜು ಹೋಗಿ ಗುರುಪ್ರಸಾದರ ಪಕ್ಕ ಕೂತರು.

ಹೋದ ತಿಂಗಳು ಹೊಸ ಕಾನೂನು ಬಂದಿದೆಯಂತೆ. ಡಾಕ್ಟರಿಕೆ, ವಕೀಲಿಕೆ ಓದಿದವರ ತಲೆಯ ಮೇಲೆ ಎಂಬತ್ತು ತೊಂಬತ್ತು ಸಾವಿರ ಡಾಲರು ಸಾಲ ಇರುತ್ತದಂತೆ, ಓದುವಾಗಲೇ ಬಡ್ಡಿ ಬೆಳೆಯುತ್ತಿರುತ್ತದಂತೆ. ಈಗ ಎಲ್ಲ ಸಾಲವನ್ನೂ ಸೇರಿಸಿ ಒಂದೇ ಸಾಲ ಮಾಡಿಸಿಕೊಂಡರೆ ಎಂಟೂಕಾಲು ಪರ್ಸೆಂಟು ಇದ್ದ ಬಡ್ಡಿ ಏಳೂವರೆಗಿಂತ ಕೆಳಗಿಳಿಯುತ್ತದಂತೆ. ಅರ್ಜಿ ಹಾಕಲು ಜನವರಿ ಕೊನೆಯವರೆಗೆ ಮಾತ್ರ ಗಡುವು. ಸಾಲ ತೆಗೆದವರೇ ಸಹಿ ಹಾಕಬೇಕು. ಒಳ್ಳೆಯದೇ ಆಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಗುರುಪ್ರಸಾದ ಬೆರಳೆತ್ತಿದರು.

"ಇನ್ನೊಂದು ಕಡೆ ಕತ್ತರಿ ಹಾಕಿದಾರೆ ನೋಡಿ. ಮೊದ್ಲು ಏಳು ವರ್ಷ ಆದ್ಮೇಲೆ ದಿವಾಳಿ ಅಂತ ಕೋರ್ಟಿಗೆ ಹೋಗಿ ಕೈ ತೊಳ್ಕೋಬಹುದಿತ್ತು. ಈಗ ಅದನ್ನ ತೆಗೆದುಹಾಕಿದ್ರು. ಸಾಯೋವರ್ಗೂ ಬೆನ್ನು ಬಿಡಲ್ಲ."

"ಸುಮ್ನೆ ತಿಳ್ಕೊಳೋಣ ಅಂತ ಕೇಳ್ತೀನಿ," ಎಂದರು ದೇವರಾಜು. "ಜಾಮೀನು ಹಾಕಿರೋರ ಗತಿ?"

"ಸಾಲಕ್ಕೆ ಸಹಿ ಹಾಕಿದ್ಮೇಲೆ ಇನ್ನೇನಿದೆ? ಅವರ ಸಂಬಳಕ್ಕೂ ಕೈ ಹಾಕ್ತಾರೆ."

ದೇವರಾಜು ಭಾತಿನ ತಟ್ಟೆಯನ್ನು ಕುರ್ಚಿಯ ಕೆಳಗಿಟ್ಟರು. ಅವರು ಕೇಳಿದ್ದು ಸೊಸೈಟಿಯಂಥ ಜಾಮೀನನ್ನು, ಗುರುಪ್ರಸಾದ ಉತ್ತರ ಕೊಟ್ಟದ್ದೂ ಅಂಥದ್ದಕ್ಕೇ. ಬಿಂದುಶ್ರೀಯ ಫಾರ್ಮಿನ ವಿಷಯ ಒಂದು ಮಾತು ಹೇಳಿದ್ದರೆ ಅಲ್ಲೇ ಎಲ್ಲ ಸರಿಹೋಗುತ್ತಿತ್ತು. ಆದರೆ ಮೂರು ಕುರ್ಚಿ ಆಚೆ ಕೆಂಪಮ್ಮ ಕೂತಿದ್ದರಲ್ಲ!

ಡಿಸೆಂಬರಿನಲ್ಲಿ ಮನೆಗೆ ಒಂದು ದಪ್ಪ ಲಕೋಟೆ ಬಂತು. ಬಯಾಲಜಿ ಡಿಗ್ರಿ ಮುಗಿಸಿದ್ದ ಅಕ್ಷಯಾಳಿಗೆ ಫಾರ್ಮಸಿ ಓದಲು ಸೀಟು ಸಿಕ್ಕಿತ್ತು. ನಾಲ್ಕು ವರ್ಷದ ಕೋರ್ಸು. ಜನವರಿ ಹದಿನೈದರೊಳಗೆ ಒಪ್ಪಿಗೆ ಕಳಿಸಬೇಕು. ಕೆಂಪಮ್ಮ ಸಜ್ಜಿಗೆ ಮಾಡಿದರು. ಫೀಸಿಗೆ ಏನು ಮಾಡುತ್ತೀಯ ಎಂದು ದೇವರಾಜು ಮೆಲ್ಲಗೆ ಕೇಳಿದರು. ಫೆಡರಲ್ ಲೋನು ಎಂದಳು ಮಗಳು.

ಈಗ ದೇವರಾಜು ಅವರ ತಲೆ ಹೇಗೆ ಓಡಿತು ಎಂಬುದನ್ನು ಹೇಳಲೇಬೇಕು, ಏಕೆಂದರೆ ಇಡೀ ಅನಾಹುತ ಇರುವುದು ಅಲ್ಲೇ. ಅವರ ಸೊಸೈಟಿಯಲ್ಲಿ ಒಂದು ನಿಯಮವಿತ್ತು: ಒಬ್ಬ ನೌಕರ ಒಂದು ಸಾಲಕ್ಕೆ ಮಾತ್ರ ಜಾಮೀನು ನಿಲ್ಲಬಹುದು, ಅದು ತೀರುವವರೆಗೆ ಅವನ ಹೆಸರು ಇನ್ನೊಂದು ಫಾರ್ಮಿನಲ್ಲಿ ಕಾಣಿಸಕೂಡದು. ಕಾಣಿಸಿದರೆ ಎರಡನೆಯ ಸಾಲ ರದ್ದು. ಅಮೆರಿಕದ ಸರ್ಕಾರ ಮಂಡ್ಯದ ಸೊಸೈಟಿಗಿಂತ ಸಡಿಲವಾಗಿರುತ್ತದೆಯೇ? ಅಕ್ಷಯಾ ಎರಡು ವರ್ಷ ಓದಿದ ಮೇಲೆ, ನಿನ್ನ ಅಪ್ಪನ ಹೆಸರು ಆಗಲೇ ಇನ್ನೊಬ್ಬಳ ಸಾಲದಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನಡುನೀರಿನಲ್ಲಿ ಕೈಬಿಟ್ಟರೆ? ಅದಕ್ಕಿಂತ ಮೊದಲು ಬಿಂದುಶ್ರೀಯನ್ನು ಹಿಡಿದು, ಗಡುವಿನೊಳಗೆ ಸಹಿ ಹಾಕಿಸಿ, ಆ ಸಾಲವನ್ನು ದಾರಿಗೆ ತರಬೇಕು. ಮಗಳ ಓದು ಒಂದು ವರ್ಷ ಕಾಯಬಹುದು.

ಒಂದು ವರ್ಷ ತಡಿ ಎಂದರು. ಯಾಕೆ ಎಂದಳು. ಇವರು ಲಕೋಟೆ ಎತ್ತಿ ಕಪಾಟಿನ ಮೇಲಿಟ್ಟರು.

"ಅಪ್ಪ, ಲೋನ್ ನನ್ನ ಹೆಸರಲ್ಲಿ. ಯು ಡೋಂಟ್ ಹ್ಯಾವ್ ಟು ಡೂ ಎನಿಥಿಂಗ್," ಎಂದಳು ಅಕ್ಷಯಾ.

ಸಹಿ ಬೇಕಿಲ್ಲ ಅಂಕಲ್ ಎಂದು ಐದು ವರ್ಷದ ಹಿಂದೆ ಬಿಂದುಶ್ರೀಯೂ ಹೀಗೇ ಹೇಳಿರಲಿಲ್ಲವೇ? ದೇವರಾಜು ಮತ್ತೆ ಬೇಡವೆಂದೇ ಹೇಳಿದರು. ಅವಳು ಮೂರು ದಿನ ವಾದ ಮಾಡಿದಳು, ನಾಲ್ಕನೆಯ ದಿನ ಮಾತು ನಿಲ್ಲಿಸಿದಳು. ಅಪ್ಪ ತನಗೆ ಗಂಡು ನೋಡುತ್ತಿದ್ದಾರೆ ಎಂದು ಅವಳ ಅನುಮಾನ. ಇವರಿಗೆ ಯಾವ ದೆವ್ವ ಮೆಟ್ಟಿಕೊಂಡಿತು ಎಂದು ಕೆಂಪಮ್ಮನ ಯೋಚನೆ. ಜನವರಿ ಹದಿನೈದು ಶುಕ್ರವಾರ ಬಂತು, ಹೋಯಿತು. ಅಪ್ಪನ ಮಾತು ಮೀರಿ ನಡೆದು ಅಕ್ಷಯಾಳಿಗೆ ಗೊತ್ತಿರಲಿಲ್ಲ. ಸೋಮವಾರದಿಂದ ಸ್ಯಾನ್ ಮಟಿಯೋದಲ್ಲೇ ಇಂಟರ್‌ನೆಟ್ಟಿನಲ್ಲಿ ಹೂಕುಂಡ ಮಾರುವ ಒಂದು ಹೊಸ ಕಂಪನಿಗೆ ಸೇರಿದಳು. ಒಂದು ಹೂಕುಂಡವೂ ಮಾರಾಟವಾಗದಿದ್ದರೂ ಅಲ್ಲಿ ದಿನವೂ ಮಧ್ಯಾಹ್ನದ ಊಟ ಪುಕ್ಕಟೆ.

ಇತ್ತ ದೇವರಾಜು ಶನಿವಾರ ಶನಿವಾರ ಬಸ್ಸು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದರು. ಟೆಲಿಫೋನು ಪುಸ್ತಕದಿಂದ ಹಲ್ಲಿನ ಕ್ಲಿನಿಕ್ಕುಗಳ ಪಟ್ಟಿ ಬರೆದುಕೊಂಡು ಒಂದೊಂದಕ್ಕೂ ನುಗ್ಗಿ ಇಂಥ ಹುಡುಗಿ ಇಲ್ಲಿದ್ದಾಳೆಯೇ ಎಂದು ವಿಚಾರಿಸುವುದು. ಒಂದು ಕಡೆಯಂತೂ ಕೌಂಟರಿನಾಕೆ ಕೊಟ್ಟ ಫಾರ್ಮನ್ನು ಅಭ್ಯಾಸಬಲದಿಂದ ತುಂಬಿ ಸಹಿ ಹಾಕಿ ಕೊಟ್ಟುಬಿಟ್ಟರು. ಐದು ನಿಮಿಷದಲ್ಲಿ ಅವರನ್ನು ಕುರ್ಚಿಯಲ್ಲಿ ಮಲಗಿಸಿ ಹಲ್ಲು ತಿಕ್ಕಿ ತೊಳೆದರು. ಹಲ್ಲು ಗಟ್ಟಿಯಾಗಿವೆ ಎಂಬ ಸಮಾಧಾನ ಬಿಟ್ಟರೆ ಬೇರೇನೂ ದಕ್ಕಲಿಲ್ಲ. ಫೋನುಗಳು ನವೆಂಬರಿನಿಂದ ನಿಂತೇ ಹೋಗಿದ್ದವು. ಅದು ಅವರಿಗೆ ಇನ್ನೂ ಭಯ ಹುಟ್ಟಿಸಿತು. ಕೋರ್ಟಿಗೆ ಹಾಕಿದ ಮೇಲೆ ಯಾರು ಫೋನು ಮಾಡುತ್ತಾರೆ? ಪ್ರತಿ ಸಂಬಳದ ಚೀಟಿಯನ್ನೂ ಲ್ಯಾಬಿನ ಬಾಗಿಲಲ್ಲೇ ಬಿಡಿಸಿ, ಏನಾದರೂ ಮುರಿದುಕೊಂಡಿದ್ದಾರೆಯೇ ಎಂದು ನೋಡುತ್ತಿದ್ದರು. ಮುರಿದುಕೊಂಡಿರಲಿಲ್ಲ. ಅದೂ ಅರ್ಥವಾಗಲಿಲ್ಲ.

ನಮ್ಮ ಕೂಟದ ಸಂಕ್ರಾಂತಿ ಪಂಚಾಂಗ ನೋಡಿ ಬರುವುದಿಲ್ಲ, ಸ್ಕೂಲಿನ ಹಾಲು ಸಿಕ್ಕಿದ ಶನಿವಾರ ಬರುತ್ತದೆ. ಆ ವರ್ಷ ಬಂದದ್ದು ಜನವರಿ ಮೂವತ್ತಕ್ಕೆ. ಎಳ್ಳು ಹಂಚುವ ಹೆಂಗಸರ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು ಬಿಂದುಶ್ರೀ! ನಮಸ್ಕಾರ ಅಂಕಲ್ ಎಂದು ಕೈಯಲ್ಲಿ ಎಳ್ಳಿನ ಪೊಟ್ಟಣ ಇಟ್ಟಳು. ದೇವರಾಜು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಕೋಟಿನ ಒಳಗಿನಿಂದ ಒಂದು ಫಾರ್ಮು ಹೊರತೆಗೆದರು. ಸಾಲ ಒಟ್ಟುಗೂಡಿಸುವ ಅರ್ಜಿ. ತಾವೇ ಫೋನು ಮಾಡಿ ತರಿಸಿ, ಗೊತ್ತಿದ್ದಷ್ಟನ್ನು ಪೆನ್ಸಿಲಿನಲ್ಲಿ ತುಂಬಿಟ್ಟಿದ್ದರು. ಅವಳನ್ನು ಗೋಡೆಯ ಪಕ್ಕ ಕರೆದುಕೊಂಡು ಹೋದರು.

"ನಾಳೆ ಕೊನೇ ದಿನ ಕಣಮ್ಮ, ಭಾನುವಾರ ಬೇರೆ. ಇಲ್ಲಿ ಸಹಿ ಹಾಕು. ಎಲ್ಲಿಗೆ ತಲುಪಿಸಬೇಕು ಹೇಳು, ನಾನೇ ಹೋಗಿ ಕೊಟ್ಟು ಬರ್ತೀನಿ."

ಬಿಂದುಶ್ರೀ ಫಾರ್ಮು ನೋಡಿದಳು, ಅವರ ಮುಖ ನೋಡಿದಳು. ಇದನ್ನು ಅವಳು ನವೆಂಬರಿನಲ್ಲೇ ಮಾಡಿ ಮುಗಿಸಿದ್ದಳು. ಬಾಡಿಗೆ ಏರಿ ಏರಿ ಒಂದೇ ವರ್ಷದಲ್ಲಿ ಮೂರು ಮನೆ ಬದಲಾಯಿಸಿದ್ದಳಂತೆ, ಸಾಲದವರ ಪತ್ರಗಳು ಹಳೆಯ ಮನೆಗೆ ಹೋಗಿ ಅವಳ ಕೈಗೆ ಸಿಕ್ಕಿರಲಿಲ್ಲವಂತೆ. ಆಮೇಲೆ ತಾನೇ ಫೋನು ಮಾಡಿ ಹೊಸ ವಿಳಾಸ ಕೊಟ್ಟಿದ್ದಳು. ಕಂತು ತಿಂಗಳು ತಿಂಗಳೂ ಸರಿಯಾಗಿ ಹೋಗುತ್ತಿತ್ತು.

"ಹಂಗಾದ್ರೆ ನನ್ನ ಜಾಮೀನು?"

"ಯಾವ ಜಾಮೀನು ಅಂಕಲ್?"

ದೇವರಾಜು ಹೇಳಿದರು. ಕೇಳುತ್ತಾ ಕೇಳುತ್ತಾ ಅವಳ ಕಣ್ಣು ತುಂಬಿತು.

"ಅಂಕಲ್, ಅದು ನಾನೆಲ್ಲಿದೀನಿ ಅಂತ ಕೇಳೋದಕ್ಕೆ ಮಾತ್ರ. ಬರೀ ಅಡ್ರೆಸ್ಸಿಗೆ. ನಿಮ್ಮ ಹತ್ರ ಒಂದು ಸೆಂಟೂ ಕೇಳೋ ಹಾಗಿಲ್ಲ ಅವರು."

"ಸಹಿ ಹಾಕಿದ್ನಲ್ಲಮ್ಮ?"

"ಅದನ್ನ ಯಾರೂ ನೋಡೇ ಇರಲ್ಲ ಅಂಕಲ್."

ಸಂತೋಷವಾಗಬೇಕಿತ್ತು. ಎಂಬತ್ತು ಸಾವಿರ ಡಾಲರಿನ ಭಾರ ಒಂದು ಮಾತಿನಲ್ಲಿ ಇಳಿದುಹೋಗಿತ್ತು. ಆದರೆ ದೇವರಾಜು ಅವರಿಗೆ ಏನೇನೂ ತಿಳಿಯದ ಹಾಗಾಯಿತು. ಸಾಲ ಇದೆ, ಸರ್ಕಾರ ಕೊಟ್ಟಿದೆ, ಹೆಸರು ಬರೆಸಿಕೊಂಡಿದ್ದಾರೆ, ಆದರೆ ಯಾರೂ ಜಾಮೀನಿಲ್ಲ. ಹಾಗಾದರೆ ಅಷ್ಟು ದುಡ್ಡನ್ನು ಯಾರ ಮುಖ ನೋಡಿ ಕೊಟ್ಟರು? ಆ ಹುಡುಗಿಯ ಮುಖ ನೋಡಿಯೇ? ಇದನ್ನೆಲ್ಲ ಯೋಚಿಸುತ್ತಾ ತಲೆಯೆತ್ತಿದಾಗ, ಹಾಲಿನ ಆ ತುದಿಯಲ್ಲಿ ಕುರ್ಚಿ ಜೋಡಿಸುತ್ತಿದ್ದ ಅಕ್ಷಯಾ ಕಾಣಿಸಿದಳು. ಹದಿನೈದನೇ ತಾರೀಖು ಕಳೆದು ಹದಿನೈದು ದಿನವಾಗಿತ್ತು.

ಮನೆಗೆ ಮರಳುವಾಗ ಅಕ್ಷಯಾ ಕಾರು ಓಡಿಸುತ್ತಿದ್ದಳು, ಕೆಂಪಮ್ಮ ಹಿಂದೆ ಕೂತಿದ್ದರು. ಫ್ರೀವೇಯ ಮೇಲೆ ದೇವರಾಜು ಎಲ್ಲವನ್ನೂ ಒಪ್ಪಿಸಿದರು, ಕಚೇರಿಯಲ್ಲಿ ಹೇಳಿಕೆ ಕೊಡುವ ಹಾಗೆ, ತಾರೀಖು ಸಮೇತ. ಭಾಷೆ ಮುರಿದದ್ದನ್ನೂ ಬಿಡಲಿಲ್ಲ.

"ಐದು ವರ್ಷ ಒಳಗೇ ಮಡಿಕ್ಕೊಂಡಿದ್ರಾ?" ಎಂದರು ಕೆಂಪಮ್ಮ. ಆಮೇಲೆ ಬಹಳ ಹೊತ್ತು ಬೈದರು. ಆ ಬೈಗುಳದಲ್ಲಿ ಶಿವರುದ್ರಪ್ಪನೂ ಬಂದ, ಅವನ ಮಗಳ ಮದುವೆಯ ಮುಯ್ಯಿಯೂ ಬಂತು.

ಅಕ್ಷಯಾ ತಾವು ಇಳಿಯಬೇಕಿದ್ದ ಎಕ್ಸಿಟ್ಟು ದಾಟಿ ಮುಂದೆ ಹೋಗಿಬಿಟ್ಟಳು.

"ನನ್ನ ಕೇಳ್ಬೋದಿತ್ತಲ್ಲ ಅಪ್ಪ," ಎಂದಳು ಕೊನೆಗೆ. "ಬಿಂದು ಇಮೇಲ್ ನನ್ನ ಹತ್ರ ಇದೆ. ಆಲ್ವೇಸ್ ಇತ್ತು."

ದೇವರಾಜು ಕಿಟಕಿಯ ಕಡೆ ತಿರುಗಿದರು. ಐವತ್ತಮೂರು ವರ್ಷದ ಮನುಷ್ಯ, ಅಪ್ಪ ಸತ್ತಾಗ ಬಿಟ್ಟರೆ ಅತ್ತವರಲ್ಲ, ಅವತ್ತು ಅತ್ತರು. ಸೋಮವಾರ ಅಕ್ಷಯಾ ಕಾಲೇಜಿಗೆ ಫೋನು ಮಾಡಿದಳು. ಸೀಟು ಬೇರೆಯವರಿಗೆ ಹೋಗಿತ್ತು. ಮತ್ತೆ ಅರ್ಜಿ ಹಾಕಿ, ಯಾರೂ ಬೇಡವೆನ್ನುವುದಿಲ್ಲ ಎಂದರಂತೆ.

ಒಂದು ವರ್ಷ ಮೀರಿತು. ಎರಡು ಸಾವಿರದ ವಸಂತದಲ್ಲಿ ಹೂಕುಂಡದ ಕಂಪನಿ ಮುಚ್ಚಿತು. ಅಕ್ಷಯಾ ಒಂದು ರಟ್ಟಿನ ಪೆಟ್ಟಿಗೆ ಮತ್ತು ಮಾರಾಟವಾಗದ ಎರಡು ಹೂಕುಂಡ ಹಿಡಿದುಕೊಂಡು ಮನೆಗೆ ಬಂದಳು. ಅಷ್ಟರಲ್ಲಿ ಫಾರ್ಮಸಿ ಸೀಟು ಮತ್ತೆ ಸಿಕ್ಕಿತ್ತು, ಅದೇ ಕಾಲೇಜಿನಲ್ಲಿ. ಆ ಒಂದು ವರ್ಷದ ಬಗ್ಗೆ ಅವಳು ಅಪ್ಪನಿಗೆ ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು ಎಂದು ದೇವರಾಜು ಅವರಿಗೆ ಎಷ್ಟೋ ಸಲ ಅನಿಸಿದ್ದುಂಟು.

ಜೂನಿನ ಒಂದು ಭಾನುವಾರ ಅವಳು ಅಡುಗೆಮನೆಯ ಟೇಬಲ್ಲಿನ ಮೇಲೆ ಸಾಲದ ಫಾರ್ಮು ತುಂಬುತ್ತಿದ್ದಳು. ಮುಗಿಸಿ, ಒಂದು ಸಲ ನೋಡಪ್ಪ ಎಂದು ಮುಂದಕ್ಕೆ ತಳ್ಳಿದಳು. ದೇವರಾಜು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ರೆಫರೆನ್ಸು ಎಂದಿದ್ದಲ್ಲಿ ಎರಡು ಹೆಸರಿದ್ದವು. ಒಂದು ಬಿಂದುಶ್ರೀಯದು, ಇನ್ನೊಂದು ಗುರುಪ್ರಸಾದರದು. ಹಾಳೆ ತಿರುಗಿಸಿ ನೋಡಿದರು. ಅವರ ಹೆಸರು ಎಲ್ಲೂ ಇರಲಿಲ್ಲ.

"ನಂದು ಯಾಕೆ ಬರ್ದಿಲ್ಲ?"

"ಬೇಡ ಅಪ್ಪ," ಎಂದಳು ಅಕ್ಷಯಾ. "ನೀನು ನಾಲ್ಕು ವರ್ಷ ನಿದ್ದೆ ಮಾಡಲ್ಲ."

ಅದೂ ನಿಜವೇ ಎಂದು ದೇವರಾಜು ನಕ್ಕರು. ನಕ್ಕ ಮೇಲೆ, ತನಗೆ ಸಮಾಧಾನವಾಯಿತೋ ಬೇಜಾರಾಯಿತೋ ಅವರಿಗೇ ತಿಳಿಯಲಿಲ್ಲ. ಪರರ ಮಗಳ ಕಾಗದದಲ್ಲಿ ಹೆಸರಿತ್ತು, ಸ್ವಂತ ಮಗಳ ಕಾಗದದಲ್ಲಿ ಇಲ್ಲ. ಬರೀ ವಿಳಾಸಕ್ಕೆ ಅಂತೆ, ಯಾರೂ ದುಡ್ಡು ಕೇಳುವುದಿಲ್ಲವಂತೆ, ಗೊತ್ತು. ಆದರೂ ಇಷ್ಟು ದೊಡ್ಡ ಸಾಲದ ಕೆಳಗೆ ಮಗು ಒಂಟಿಯಾಗಿ ನಿಂತಿರುವುದು ಅವರಿಗೆ ಸರಿ ಕಾಣಲಿಲ್ಲ. ಅಕ್ಷಯಾ ಲಕೋಟೆ ಹುಡುಕಲು ಒಳಗೆ ಹೋದಳು. ದೇವರಾಜು ಪೆನ್ನು ತೆಗೆದರು. ಮಗಳ ಹೆಸರಿನ ಪಕ್ಕ, ಅಂಚಿನಲ್ಲಿ, ಯಾರೂ ಕೇಳದ ಜಾಗದಲ್ಲಿ ಚಿಕ್ಕದಾಗಿ ಬರೆದರು. ಹೆಸರು, ಕೆಳಗೆ ಗೆರೆ, ಎರಡು ಚುಕ್ಕೆ, ತಾರೀಖು.

ಅಕ್ಷಯಾ ಬಂದು ನೋಡಿದಳು. ಫಾರ್ಮನ್ನು ಮಡಚಿ, ಲಕೋಟೆಗೆ ಹಾಕಿ ಅಂಟಿಸಿದಳು.